ಕೈ ಕೊಡಮ್ಮ ಅಂದ ನರ್ಸಮ್ಮ

ತಾಯಲೂರಿನ ಬಸ್ ಸ್ಟಾಪಿನ ಪಕ್ಕ ನಾನು ಸೈಕಲ್ ಅಂಗಡಿ ಇಟ್ಟಿದ್ದ ಕಾಲದಲ್ಲಿ ಆ ಸುತ್ತಿನಲ್ಲೆಲ್ಲ ಸೈಕಲ್ ತುಳಿಯುವ ಹೆಂಗಸು ಒಬ್ಬರೇ ಇದ್ದರು. ಅವರು ನರ್ಸಮ್ಮ. ಹೆಸರು ವೆಂಕಟರತ್ನಮ್ಮ. ಸೀರೆಯ ನೆರಿಗೆ ಚೈನಿಗೆ ಸಿಕ್ಕಿಕೊಳ್ಳದ ಹಾಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಕೊಂಡು, ಹ್ಯಾಂಡಲಿಗೆ ಔಷಧಿ ಚೀಲ ನೇತುಹಾಕಿಕೊಂಡು ಅವರು ಕೆರೆ ಏರಿ ಮೇಲೆ ಹೊರಟರೆ ಎಮ್ಮೆ ಕಾಯುವವರೂ ಎದ್ದು ನಿಂತು ನೋಡುತ್ತಿದ್ದರು. ಮೊದಮೊದಲು ನಕ್ಕರು. ಆಮೇಲೆ ಆ ಸೈಕಲ್ಲಿನ ಗಂಟೆ ಕೇಳಿದರೆ ಬಸುರಿ ಇರುವ ಮನೆಯವರು ಬಾಗಿಲಿಗೆ ಬಂದು ನಿಲ್ಲುವಂತಾಯಿತು.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನವರು ಅವರು. ಮಾವಿನ ತೋಪು ಕಾಯುವವರ ಮಗಳು. ಮಾವಿನಹಣ್ಣನ್ನು ಅಂಗೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡು, ಒಳಗೆ ಹುಳ ಇದೆಯೋ ಇಲ್ಲವೋ ಕೊಯ್ಯದೆಯೇ ಹೇಳಿಬಿಡುತ್ತಿದ್ದರು. ಎಪ್ಪತ್ತನಾಲ್ಕರಲ್ಲಿ ನಮ್ಮೂರ ಆಸ್ಪತ್ರೆಗೆ ಬಂದರು. ಬಂದ ಮೊದಲ ವಾರವೇ ಪಂಚರ್ ಹಾಕಿಸಲು ನನ್ನ ಅಂಗಡಿಗೆ ಸೈಕಲ್ ತಳ್ಳಿಕೊಂಡು ಬಂದು, "ಆಂಜಿನಪ್ಪನೋರೇ, ಸ್ವಲ್ಪ ನೋಡ್ತೀರಾ?" ಅಂದರು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಆಂಜಿನಪ್ಪನೋರು ನಿಂತಿದ್ದಾರೋ ಎಂದು. ನಾನು ಕೇರಿಯವನು. ನನ್ನನ್ನು ಬಹುವಚನದಲ್ಲಿ ಕರೆದವರು ಅದಕ್ಕೆ ಮುಂಚೆ ಇರಲಿಲ್ಲ. ಅಂಗಡಿಗೆ ಜಾಗ ಕೊಟ್ಟವರು ಅಬ್ದುಲ್ ಖಾದರ್ ಸಾಹೇಬರು. ಬೇರೆಯವರ ಜಗುಲಿ ನಮ್ಮಂಥವರಿಗೆ ಸಿಗುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ಅಂಗಡಿಗೆ ಬರುತ್ತಿದ್ದ ಹಳೇ ಪೇಪರು ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡವನು ನಾನು. ಈಗ ಬರೆಯುತ್ತಿರುವ ಒಂದೊಂದು ಅಕ್ಷರವೂ ನನ್ನ ಸ್ವಂತ ದುಡಿಮೆ.

ಇದರಲ್ಲಿ ನನ್ನ ತಂಗಿ ಕದಿರಮ್ಮನ ಸಂಗತಿ ಬರುತ್ತದೆ. ಬರೆಯಲಾ ಎಂದು ಅವಳನ್ನು ಕೇಳಿದೆ. "ಬರಿ ಅಣ್ಣ, ಹೆಸರೂ ಹಾಕು" ಅಂದಳು. ಕೇಳದೆ ಬರೆದಿದ್ದರೆ ನರ್ಸಮ್ಮನ ಬಗ್ಗೆ ಬರೆದೂ ವ್ಯರ್ಥವಾಗುತ್ತಿತ್ತು. ಯಾಕೆಂದು ಮುಂದೆ ತಿಳಿಯುತ್ತದೆ.

ಏಳೆಂಟು ವರ್ಷ ನಮ್ಮಲ್ಲಿ ಹೆರಿಗೆ ಮಾಡಿಸಿ, ಸೂಜಿ ಚುಚ್ಚಿ, ನರ್ಸಮ್ಮ ಬೆಂಗಳೂರಿಗೆ ದೊಡ್ಡ ಓದಿಗೆ ಹೋದರು. ಆ ಓದಿನ ಕೊನೆಯಲ್ಲಿ ಒಂದು ಸಂಶೋಧನೆ ಮಾಡಬೇಕಂತೆ. ಅದಕ್ಕೆ ಬೇರೆ ಊರು ಹುಡುಕದೆ ನೆಟ್ಟಗೆ ತಾಯಲೂರಿಗೇ ವಾಪಸು ಬಂದರು.

ಖಾದರ್ ಸಾಹೇಬರು ಬೆಂಚಿನ ಮೇಲೆ ಕೂತು ಕೇಳಿದರು: "ಡಾಕ್ಟರು ಸಂಶೋಧನೆ ಮಾಡೋದು ಕೇಳಿದೀನಮ್ಮ. ನರ್ಸುಗಳೂ ಮಾಡ್ತಾರಾ?"

"ಡಾಕ್ಟರು ಔಷಧಿ ಬಗ್ಗೆ ಮಾಡ್ತಾರೆ ಸಾಹೇಬ್ರೇ. ಔಷಧಿ ಇದ್ರೂ ಜನ ಯಾಕೆ ಬರಲ್ಲ ಅಂತ ನಾವು ಮಾಡ್ತೀವಿ."

ಅವರಿಗೆ ಬೇಕಾಗಿದ್ದದ್ದು ಅದೇ. ನಮ್ಮ ಕಡೆ 'ದೊಡ್ಡ ರೋಗ' ಅನ್ನುವ ಕುಷ್ಠಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ ಇತ್ತು. ಆದರೂ ಕೇರಿಯವರು, ಕೂಲಿಯವರು, ಬೆರಳು ಸೊಟ್ಟಗಾಗುವ ತನಕ ಬಾಯಿ ಬಿಡುತ್ತಿರಲಿಲ್ಲ. ಯಾಕೆ ಮುಚ್ಚಿಡುತ್ತಾರೆ? ಮುಚ್ಚಿಡದ ಹಾಗಾಗಲು ದಾದಿಯಾದವಳು ಹೇಗೆ ನಡೆದುಕೊಳ್ಳಬೇಕು? ಅವರು ಅಂಗಡಿಯ ಬೆಂಚಿನ ಮೇಲೆ ಕೂತು ನನಗೆ ಬಿಡಿಸಿ ಹೇಳಿದರು. ಮೈ ಯಾರದೋ ಹಕ್ಕು ಅವರದು. ಬಡವನಾದರೂ ಅಷ್ಟೇ. ಏನು ನೋಡುತ್ತೇನೆ ಎಂದು ಮೊದಲು ಹೇಳಬೇಕು, ಒಪ್ಪಿಗೆ ಕೇಳಿ ಮುಟ್ಟಬೇಕು, ಕಂಡದ್ದನ್ನು ಮೂರನೆಯವರಿಗೆ ಹೇಳಬಾರದು. ಬೇಡ ಅಂದರೆ ಎದ್ದು ಬರಬೇಕು.

"ಬೇಡ ಅನ್ನಬಹುದಾ?" ಎಂದು ಕೇಳಿದೆ. ಕೆಲವೇ ವರ್ಷದ ಹಿಂದೆ ಜೀಪಿನಲ್ಲಿ ಬಂದು ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ತುಂಬಿಕೊಂಡು ಹೋದಾಗ ಯಾರೂ ಅದನ್ನು ಕೇಳಿರಲಿಲ್ಲ. ನಮ್ಮವರು ಕಬ್ಬಿನ ಗದ್ದೆಯಲ್ಲಿ ಅಡಗಿ ಕೂತಿದ್ದರು.

"ಅನ್ನಬಹುದು. ಅಂದವರ ಮೇಲೆ ಸಿಟ್ಟು ಮಾಡಬಾರದು ಅಂತಾನೂ ನಾವು ಕಲೀಬೇಕು" ಅಂದರು.

ಆಗ ನನಗೆ ತಿಳಿಯದಿದ್ದ ಒಂದು ಸಂಗತಿಯನ್ನು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೆರೆ ಏರಿಯಾಚೆಯ ಹಳ್ಳಿಗೆ ಮದುವೆಯಾಗಿ ಹೋಗಿದ್ದ ಕದಿರಮ್ಮನಿಗೆ ಎಡಗೈ ಮೊಣಕೈ ಹತ್ತಿರ ಒಂದು ತಿಳಿ ಬಣ್ಣದ ಮಚ್ಚೆ ಎದ್ದಿತ್ತು. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಂತೆ ಆಗಿ, ಆ ಜೋಮು ಬಿಟ್ಟಿರಲೇ ಇಲ್ಲ. ಏನೆಂದು ಅವಳಿಗೆ ಅರ್ಥವಾಗಿತ್ತು. ಅದೇ ಹಳ್ಳಿಯಲ್ಲಿ ದೊಡ್ಡ ರೋಗ ಬಂದ ಒಬ್ಬ ಮುದುಕನನ್ನು ಕೆರೆ ತೂಬಿನ ಹತ್ತಿರ ಗುಡಿಸಲು ಹಾಕಿ ಕೂರಿಸಿದ್ದರು. ಊರು ನಮ್ಮನ್ನು ಹೊರಗಿಟ್ಟಿತ್ತು. ನಾವು ನಮ್ಮವನನ್ನು ಅದಕ್ಕಿಂತ ಹೊರಗೆ ಇಟ್ಟಿದ್ದೆವು. ಕದಿರಮ್ಮನಿಗೆ ಆಗ ಅಂಬೆಗಾಲಿಡುವ ಹೆಣ್ಣು ಕೂಸು. ತನ್ನ ಕೈ ವಿಷಯ ಹೊರಬಿದ್ದರೆ ಕೂಸನ್ನು ಕಿತ್ತುಕೊಂಡು ತನ್ನನ್ನು ಆ ತೂಬಿಗೆ ಕಳಿಸುತ್ತಾರೆ ಎಂಬ ಒಂದೇ ಭಯ ಅವಳಿಗೆ. ಸೀರೆಯ ಸೆರಗನ್ನು ಎಡಗೈ ಮೇಲೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಳು.

ಅವಳ ಅತ್ತೆ ಮುನಿಯಲ್ಲಮ್ಮ ಬಾಯಿ ಜೋರಿನ ಹೆಂಗಸು. ಗಂಡ ಸತ್ತ ಮೇಲೆ ಕೂಲಿ ಮಾಡಿ ಮಗ ಮುನಿಕೃಷ್ಣಪ್ಪನನ್ನು ಸಾಕಿದವಳು. ಆ ವರ್ಷದ ಬೇಸಗೆಯಿಂದ ಸೊಸೆಯನ್ನು ಒಲೆಯ ಹತ್ತಿರ ಸೇರಿಸುವುದನ್ನೇ ಬಿಟ್ಟಿದ್ದಳು. ನಾನು ಒಮ್ಮೆ ಹೋದಾಗ ನನ್ನೆದುರಿಗೇ ಅಂದಳು: "ನಿನ್ನ ತಂಗಿಗೆ ಮುದ್ದೆ ತಿರುವೋಕೆ ಬರಲ್ಲ ಕಣಪ್ಪ. ಬರೀ ಗಂಟು. ನಾಯಿ ಮೂಸಲ್ಲ. ಒಲೆ ತಾವ ಬಂದ್ರೆ ಸೌಟು ತಕ್ಕೊಂಡು ಬಾರಿಸ್ತೀನಿ ಅಂದಿದೀನಿ." ನನಗೆ ಮೈಯೆಲ್ಲ ಉರಿಯಿತು. ಕದಿರಮ್ಮ ತಿರುವಿದ ಮುದ್ದೆ ಬೆಣ್ಣೆ ಹಾಗಿರುತ್ತಿತ್ತು, ಅದು ನಮ್ಮ ಕೇರಿಗೇ ಗೊತ್ತು.

ಸಂಶೋಧನೆಗೆಂದು ನರ್ಸಮ್ಮ ಆ ಹಳ್ಳಿಗೆ ಮೊದಲ ಸಲ ಹೊರಟಾಗ ನಾನೂ ಜೊತೆಗೆ ಹೋದೆ. ಮುನಿಯಲ್ಲಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನರ್ಸಮ್ಮ ಚಾಪೆಗೆ ಕಾಯದೆ ನೆಲದ ಮೇಲೆ ಕೂತರು, ನೀರು ಕೇಳಿ ಕುಡಿದರು. ನೋಡುತ್ತಿದ್ದ ಹೆಂಗಸರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಂಡರು. ಮೇಲು ಜಾತಿಯವರು ನಮ್ಮ ಚೊಂಬಿನಲ್ಲಿ ನೀರು ಕುಡಿಯುವುದನ್ನು ಅವರು ನೋಡಿದವರಲ್ಲ. ತಾವು ಬಂದ ಕೆಲಸವನ್ನು ನರ್ಸಮ್ಮ ನಿಧಾನವಾಗಿ ಹೇಳಿದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಕದಿರಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೊರಗೆ ಬಂದಳು. ನರ್ಸಮ್ಮ ಅವಳ ಕಡೆ ತಿರುಗಿ, ಬೆಂಗಳೂರಿನಲ್ಲಿ ಕಲಿತ ಹಾಗೆ, ಬಹಳ ಮೆತ್ತಗೆ ಕೇಳಿದರು:

"ನಿನ್ನ ಕೈ ಮುಟ್ಲಾಮ್ಮ?"

ಮೊರದ ಸದ್ದು ನಿಂತಿತು.

"ಏನಂದೆ?" ಅಂದಳು ಮುನಿಯಲ್ಲಮ್ಮ.

"ಮುಟ್ಲಾ ಅಂದೆ ಅಮ್ಮ. ಕೈ ನೋಡೋಕೆ."

"ಮುಟ್ಲಾ ಅಂತ ಕೇಳ್ತೀಯಾ? ಮುಟ್ಟಿದ್ರೆ ನಿನ್ನ ಕೈ ಸವೆದೋಗ್ತದಾ? ಹೋಗಿ ತಲೆಗೆ ನೀರು ಹಾಕ್ಕೋಬೇಕಾ? ನಾವು ಹುಟ್ಟಿದಾಗಿಂದ ಮುಟ್ಬೇಡ ಮುಟ್ಬೇಡ ಅನ್ನಿಸ್ಕೊಂಡೇ ಬೆಳೆದೋರು. ಈಗ ನೀನು ಹೊಸದಾಗಿ ಕೇಳೋಕೆ ಬಂದ್ಯಾ, ಚೀಲ ಹಿಡ್ಕೊಂಡು? ಎದ್ದೇಳು ಮೇಲೆ! ನನ್ನ ಸೊಸೆ ತಂಟೆಗೆ ಬಂದ್ರೆ ಸೈಕಲ್ಲು ಕೆರೆಗೆ ಎಸೀತೀನಿ."

ರಾಗಿ ಮೊರ ಅಂಗಳದಲ್ಲಿ ಬಿತ್ತು. ಕೇರಿಯ ಹೆಂಗಸರೆಲ್ಲ ಅವಳ ಕಡೆಗೇ ಸೇರಿದರು. ನರ್ಸಮ್ಮ ಕೈ ಮುಗಿದು ಎದ್ದರು.

ಏರಿ ಮೇಲೆ ಸೈಕಲ್ ತಳ್ಳಿಕೊಂಡು ಬರುವಾಗ ಅವರ ಕಣ್ಣು ತುಂಬಿತ್ತು. "ಆಂಜಿನಪ್ಪನೋರೇ, ನಾನು ಮರ್ಯಾದೆಗೆ ಕೇಳಿದ್ದು."

"ಗೊತ್ತು ನರ್ಸಮ್ಮ. ಆದ್ರೆ ಆ ಮಾತು ನಮ್ಮ ಕೇರೀಲಿ ಮರ್ಯಾದೆ ಮಾತಲ್ಲ."

ನಮ್ಮ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಬೀದಿಯಲ್ಲಿ ತಾಯಿ ಅಂದದ್ದು ಮನೆಯಲ್ಲಿ ತಲ್ಲಿ. ಮುಟ್ಟು ಅನ್ನುವ ಮಾತು ಎರಡರಲ್ಲೂ ಒಂದೇ. ನಮಗೆ ಅದರ ಗಾಯವೂ ಒಂದೇ. ಪುಸ್ತಕದಲ್ಲಿ ಒಪ್ಪಿಗೆ ಕೇಳುವ ಮಾತಾಗಿದ್ದದ್ದು ಏರಿ ದಾಟುವಷ್ಟರಲ್ಲಿ ಜಾತಿ ಕೇಳುವ ಮಾತಾಗಿಬಿಟ್ಟಿತ್ತು.

ಅವತ್ತು ಅಂಗಡಿ ಬೆಂಚಿನ ಮೇಲೆ ಅಸ್ಗರಿ ಬೂಬಮ್ಮ ಕೂತಿದ್ದಳು. ಖಾದರ್ ಸಾಹೇಬರ ತಂಗಿ, ಮುಳಬಾಗಿಲಿನವಳು. ದಾರಕ್ಕೆ ಪೋಣಿಸಿದ ಬಳೆಗಳ ಮಲಾರ ಹೆಗಲ ಮೇಲೆ ಹೊತ್ತು ಹಳ್ಳಿ ಹಳ್ಳಿ ತಿರುಗಿ ಬಳೆ ತೊಡಿಸುವುದು ಅವಳ ಕಸುಬು. ರೆಡ್ಡಿಗಳ ಮನೆಯಾದರೂ ಸರಿ, ನಮ್ಮ ಕೇರಿಯಾದರೂ ಸರಿ, ಎಲ್ಲ ಹೆಂಗಸರ ಕೈಯನ್ನೂ ತನ್ನ ಮೊಣಕಾಲ ಮೇಲೆ ಎಳೆದಿಟ್ಟುಕೊಳ್ಳುತ್ತಿದ್ದಳು. ಎಲ್ಲರೂ ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಅವಳೂ ಎಲ್ಲರನ್ನೂ ಹಾಗೇ ಕರೆಯುತ್ತಿದ್ದಳು.

ನಡೆದದ್ದು ಕೇಳಿ ಅವಳು ಹಣೆ ಚಚ್ಚಿಕೊಂಡಳು. "ಮುಟ್ಲಾ ಅಂತ ಕೇಳಿದ್ಯಾ? ಯಾ ಅಲ್ಲಾ! ನಾನು ಕೈ ಹಿಡ್ಕೊಂಡೇ ಹೊಟ್ಟೆ ಹೊರ್ಕೊಂಡೋಳು. ಒಂದಿನಾನೂ ಹಂಗೆ ಕೇಳಿಲ್ಲ."

"ಮತ್ತೆ ಏನಂತೀಯ?" ನರ್ಸಮ್ಮ ಕೇಳಿದರು.

"ಕೈ ಕೊಡಮ್ಮ ಅಂತೀನಿ. ಕೊಟ್ರೆ ತೊಡಿಸ್ತೀನಿ. ಕೊಡದಿದ್ರೆ ಮಲಾರ ಎತ್ಕೊಂಡು ಹೋಗ್ತೀನಿ. ಕೊಡೋದು ಅವಳದ್ದು, ಕಿತ್ಕೊಳ್ಳೋದು ನನ್ನದಲ್ಲ."

ನಾನು ಸುಮ್ಮನಿರಲಾರದೆ, "ಕೈ ಕೊಡೋದು ಅಂದ್ರೆ ಮೋಸ ಮಾಡೋದು ಅಂತಾನೂ ಅರ್ಥ ಆಗ್ತದೆ ಬೂಬಮ್ಮ" ಅಂದೆ.

"ಅದು ನಿಮ್ಮ ಗಂಡಸರ ಭಾಷೆ ಕಣೋ. ನೀನು ನಟ್ಟು ತಿರುಗಿಸು."

ನರ್ಸಮ್ಮ ನಗಲಿಲ್ಲ. 'ಕೈ ಕೊಡಮ್ಮ' ಎಂದು ತಮ್ಮಷ್ಟಕ್ಕೆ ಎರಡು ಸಲ ಅಂದುಕೊಂಡರು. ಆಮೇಲೆ ಬೂಬಮ್ಮನ ಹತ್ತಿರ ಜರುಗಿ ಕೇಳಿದರು: "ನೀನು ಬಳೆ ಏರಿಸುವಾಗ ಗೆಣ್ಣು ಒತ್ತುತ್ತೀಯ, ಎಲ್ಲರಿಗೂ ನೋವಾಗ್ತದೆ. ನೋವೇ ಆಗದ ಕೈ ಯಾವುದಾದ್ರೂ ಸಿಕ್ಕಿದೆಯಾ? ಯಾರದು?"

ಬೂಬಮ್ಮ ಮಲಾರ ಸರಿಮಾಡಿಕೊಂಡಳು. "ನಾನು ಬಳೆ ಮಾರೋಳು ತಾಯಿ. ಚಾಡಿ ಮಾರೋಳಲ್ಲ."

ನರ್ಸಮ್ಮನ ಮುಖ ಕೆಂಪಾಯಿತು. ಮೂರನೆಯವರಿಗೆ ಹೇಳಬಾರದು ಎಂದು ನನಗೆ ಪಾಠ ಹೇಳಿದ್ದವರು, ತಾವೇ ಮೂರನೆಯವರಾಗಿ ಕೇಳಿಬಿಟ್ಟಿದ್ದರು. "ಹೌದು, ಕೇಳಬಾರದಿತ್ತು" ಅಂದರು. "ಹೆಸರು ಬೇಡ. ನಿನ್ನ ಜೊತೆ ನಾನೂ ಬರ್ಲಾ?"

"ಮಲಾರ ಹೊರ್ತೀಯಾ?"

"ಹೊರ್ತೀನಿ."

"ಹಂಗಾದ್ರೆ ಬಾ. ನನ್ನ ಹೆಗಲಿಗೂ ಒಂದಿನ ರಜಾ."

ಗೌರಿ ಹಬ್ಬದ ಮುಂಚೆ ಇಬ್ಬರೂ ಆ ಹಳ್ಳಿಗೆ ಹೋದರು. ಮುಂದಿನದನ್ನು ಕದಿರಮ್ಮನೂ ಬೂಬಮ್ಮನೂ ಹೇಳಿದ ಹಾಗೆ ಬರೆಯುತ್ತೇನೆ. ಕೇರಿಯ ಹೊಂಗೆ ಮರದ ಕೆಳಗೆ ಹೆಂಗಸರು ಸಾಲಾಗಿ ಕೂತರು. ಬಳೆ ಮಲಾರ ಹೊತ್ತ ನರ್ಸಮ್ಮನನ್ನು ಕಂಡು ಸಿಟ್ಟಿನಲ್ಲಿದ್ದವರೂ ನಕ್ಕುಬಿಟ್ಟರಂತೆ. ನರ್ಸಮ್ಮ ಮೊದಲೇ ಹೇಳಿದರು: "ಬೂಬಮ್ಮ ಬಳೆ ತೊಡಿಸಿದ ಮೇಲೆ, ಬೇಕಾದವರು ನನಗೂ ಕೈ ಕೊಡಿ. ಚರ್ಮಕ್ಕೆ ತಿಳಿವಳಿಕೆ ಇದೆಯಾ ಅಂತ ಹತ್ತಿ ಎಳೆಯಿಂದ ನೋಡ್ತೀನಿ. ದೊಡ್ಡ ರೋಗದ ಶುರು ಹಂಗೆ ತಿಳಿಯುತ್ತೆ. ಬೇಡ ಅಂದೋರು ಬಳೆ ತೊಟ್ಟು ಎದ್ದು ಹೋಗಬಹುದು, ನಾನೇನೂ ಅನ್ನಲ್ಲ."

ಒಬ್ಬಿಬ್ಬರು ಎದ್ದು ಹೋದರು. ಅವರು ನಿಜವಾಗಿಯೂ ಏನೂ ಅನ್ನಲಿಲ್ಲ. ಅದನ್ನು ನೋಡಿದ ಮೇಲೆ ಮಿಕ್ಕವರು ಕೂತರು. ಕಣ್ಣು ಮುಚ್ಚಿಕೊಳ್ಳಬೇಕು, ಹತ್ತಿ ತಗುಲಿದ ಕಡೆ ಬೆರಳಿಟ್ಟು ತೋರಿಸಬೇಕು.

"ನನ್ನ ಗಂಡ ಮುಟ್ಟಿದ್ರೇ ನಂಗೆ ತಿಳಿಯಲ್ಲ ನರ್ಸಮ್ಮ, ಇನ್ನು ಹತ್ತಿ ತಿಳೀತದಾ?" ಅಂದಳು ಒಬ್ಬಳು.

"ಹಂಗಾದ್ರೆ ಮಾತ್ರೆ ನಿನ್ನ ಗಂಡಂಗೆ ಕೊಡ್ಬೇಕು ಬಿಡು" ಅಂದಳು ಬೂಬಮ್ಮ. ಕೇರಿಯೆಲ್ಲ ಗೊಳ್ಳೆಂದಿತು.

ಕದಿರಮ್ಮನ ಸರದಿ ಬಂತು. ಹಬ್ಬಕ್ಕೆ ಬಳೆ ಬೇಡವೆಂದರೆ ಜನ ಯಾಕೆ ಅನ್ನುತ್ತಾರೆ, ಅದಕ್ಕೇ ಕೂತಿದ್ದಳು. ಎಡಗೈಗೆ ಬಳೆ ಏರಿಸುವಾಗ ಒಂದು ಹಸಿರು ಬಳೆ ಒಡೆದು ಕಿರುಬೆರಳ ಬುಡಕ್ಕೆ ಗೀರಿತು. ರಕ್ತ ಬಂತು. ಕದಿರಮ್ಮ ಸುಮ್ಮನೇ ಕೂತಿದ್ದಳು. ಪಕ್ಕದವಳು 'ಅಯ್ಯೋ' ಅಂದಮೇಲೆ ತಾನೂ ಕೈ ನೋಡಿಕೊಂಡು 'ಅಮ್ಮಾ' ಅಂದಳು. ಬೂಬಮ್ಮ ತಕ್ಷಣ ಆ ಕೈಯನ್ನು ತನ್ನ ಸೆರಗಿನಿಂದ ಮುಚ್ಚಿ, "ನನ್ನ ಕೈಗಿಷ್ಟು ಬೆಂಕಿ ಬೀಳ, ಜಾರಿಬಿಡ್ತು" ಎಂದು ತನ್ನನ್ನೇ ಬೈದುಕೊಂಡಳು.

ಆಗ ನರ್ಸಮ್ಮ ತಮ್ಮ ಅಂಗೈಯನ್ನು ಮೇಲೆ ಮಾಡಿ ಚಾಚಿದರು. "ಕೈ ಕೊಡಮ್ಮ."

ಕದಿರಮ್ಮ ತನ್ನ ಮನೆ ಬಾಗಿಲ ಕಡೆ ನೋಡಿದಳು. ಅತ್ತೆ ಕಂಬ ಹಿಡಿದು ನಿಂತಿದ್ದಳು. ಈ ಸಲ ಬೈಯಲಿಲ್ಲ. ಚಾಚಿದ ಅಂಗೈ ಮುಂದಕ್ಕೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕದಿರಮ್ಮ ತನ್ನ ಎಡಗೈಯನ್ನು ಅದರ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಹತ್ತಿ ಕಿರುಬೆರಳಿಗೆ ತಗುಲಿದಾಗ ತೆಪ್ಪಗಿದ್ದಳು. ಹತ್ತಿ ತಗುಲದೇ ಇದ್ದಾಗ 'ತಿಳೀತು' ಅಂದಳು.

"ಆಯ್ತಮ್ಮ" ಅಂದರು ನರ್ಸಮ್ಮ, ಬೇರೆಯವರಿಗೆ ಅಂದ ಹಾಗೆಯೇ. ಆಮೇಲೆ ಬೂಬಮ್ಮನ ಕಡೆ ತಿರುಗಿ, "ಈ ಕೈಗೆ ಅಳತೆ ಸರಿಹೋಗಲಿಲ್ಲ ಬೂಬಮ್ಮ. ಇನ್ನೊಂದು ಜೊತೆ ಸೈಕಲ್ ಅಂಗಡೀಲಿ ಇಟ್ಟಿರು. ಅವರಣ್ಣನ್ನ ನೋಡೋಕೆ ಬಂದಾಗ ತೊಟ್ಕೊಳ್ಳಲಿ" ಅಂದರು.

ಕೂಸಿನ ಮೈಯನ್ನೂ ನೋಡಿದರು, ಚೆನ್ನಾಗಿತ್ತು. ಕೊನೆಗೆ ಮುನಿಯಲ್ಲಮ್ಮನ ಮುಂದೆ ಅಂಗೈ ಚಾಚಿದಾಗ ಅವಳು, "ನಂದು ಬಳೆ ತೊಡೋ ಕೈಯಲ್ಲ" ಎಂದು ಒಳಗೆ ಹೋದಳು.

ಮಾರನೇ ದಿನ ಕದಿರಮ್ಮ ನನ್ನ ಅಂಗಡಿಗೆ ಬಂದಳು. ಬಳೆಗೆ ಬಂದಿದ್ದಾಳೆ ಎಂದುಕೊಂಡು ನಾನು ಮುಂದೆ ಟ್ಯೂಬಿಗೆ ಗಾಳಿ ತುಂಬುತ್ತಿದ್ದೆ. ಹಿಂದೆ ಹುಣಸೆಮರದ ಕೆಳಗೆ, ಹಳೇ ಟೈರುಗಳ ಮೇಲೆ ಅವಳೂ ನರ್ಸಮ್ಮನೂ ಕೂತು ಮಾತಾಡಿದರು.

"ದೊಡ್ಡ ರೋಗಾನಾ?" ಕದಿರಮ್ಮ ಕೇಳಿದಳಂತೆ.

"ಹೌದಮ್ಮ. ಹೆಸರು ದೊಡ್ಡದು. ನಿನಗೆ ಬಂದಿರೋದು ಚಿಕ್ಕದು. ಮಾತ್ರೆ ಬಿಡದೆ ನುಂಗಿದರೆ ವಾಸಿಯಾಗ್ತದೆ."

"ನನ್ನ ಕೂಸು?"

"ನಿನ್ನ ಹತ್ತಿರಾನೇ ಇರ್ಲಿ. ಹಾಲು ಕೊಡು, ಎತ್ಕೋ, ಪಕ್ಕದಲ್ಲಿ ಮಲಗಿಸ್ಕೋ."

ಅಲ್ಲಿಯ ತನಕ ತಡೆದುಕೊಂಡಿದ್ದ ಅಳು ಆಗ ಬಂತಂತೆ. "ಗೊತ್ತಾದ್ರೆ ನನ್ನ ತೂಬಿನ ತಾವ ಹಾಕ್ತಾರೆ."

"ಯಾರಿಗೆ ಹೇಳ್ಬೇಕು, ಯಾವಾಗ ಹೇಳ್ಬೇಕು, ಅದು ನಿನ್ನ ಇಷ್ಟ. ನನ್ನ ಬಾಯಿಂದ ಬರಲ್ಲ."

"ನಮ್ಮಣ್ಣಂಗೂ?"

"ನಿಮ್ಮಣ್ಣಂಗೂ."

"ಬೇಡ. ಅವನ ಹೊಟ್ಟೇಲಿ ಏನಿದ್ರೂ ಮುಖದ ಮೇಲೆ ಕಾಣ್ತದೆ."

ಅದು ನಿಜ. ಹೀಗೆ ನನ್ನ ಅಂಗಡಿಯ ಹಿಂದೆಯೇ ನನ್ನ ತಂಗಿಗೆ ಚಿಕಿತ್ಸೆ ನಡೆಯಿತು, ನನಗೆ ಗೊತ್ತಾಗಲಿಲ್ಲ. ತಿಂಗಳಿಗೊಂದು ಸಲ ಬರುವಳು. ನರ್ಸಮ್ಮ ಅವಳ ಬೆರಳುಗಳಿಗೆ ಎಣ್ಣೆ ಸವರಿ, ಬಗ್ಗತೊಡಗಿದ್ದ ಕಿರುಬೆರಳನ್ನು ತಮ್ಮ ಅಂಗೈ ಮೇಲಿಟ್ಟು ನೀವಿ ನೇರ ಮಾಡುವರು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯಬೇಡ, ಮಲಗುವ ಮುಂಚೆ ಕೈಯಲ್ಲಿ ಗಾಯವಾಗಿದೆಯಾ ಎಂದು ಕಣ್ಣಲ್ಲಿ ನೋಡಿಕೋ ಅನ್ನುವರು. "ಒಲೆ ತಾವ ನಮ್ಮತ್ತೆ ಸೇರಿಸಲ್ಲ ಬಿಡಿ" ಎಂದು ಕದಿರಮ್ಮ ಕಣ್ಣೊರೆಸಿಕೊಳ್ಳುವಳು.

ನನಗೆ ಕೇಳಿದರೆ 'ರಕ್ತ ಕಮ್ಮಿ ಅಂತೆ, ಮಾತ್ರೆ' ಅನ್ನುವಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. ನರ್ಸಮ್ಮನನ್ನೇ ಹಿಡಿದು ಕೇಳಿದೆ.

"ನನ್ನ ತಂಗಿಗೆ ಏನಾಗಿದೆ?"

"ಅವಳನ್ನ ಕೇಳಿ."

"ರಕ್ತ ಕಮ್ಮಿ ಅಂತಾಳೆ."

"ಅವಳು ಹೇಳಿದ್ದಷ್ಟು ನಿಮ್ಮದು, ಆಂಜಿನಪ್ಪನೋರೇ."

"ನಾನು ಅವಳ ಅಣ್ಣ! ಎತ್ತಿ ಆಡಿಸಿದೋನು! ನಂಗೆ ಹೇಳಬಾರದಂಥಾದ್ದು ಏನದೆ?"

ಅವರು ಸೈಕಲ್ಲಿನ ಹ್ಯಾಂಡಲ್ ಹಿಡಿದು ತಲೆ ತಗ್ಗಿಸಿ ನಿಂತರು. "ಕೈ ಅವಳದು. ಅವಳು ನನಗೆ ಕೈ ಕೊಟ್ಟಿದಾಳೆ. ನಾನು ಅವಳಿಗೆ ಕೈ ಕೊಡಲ್ಲ" ಅಂದರು. ನಾನು ಬೂಬಮ್ಮನಿಗೆ ಮಾಡಿದ್ದ ತಮಾಷೆ ಹೀಗೆ ನನ್ನ ಮೇಲೇ ತಿರುಗಿ ಬಂತು. ಕೆಲವು ವಾರ ನಾನು ಅವರ ಸೈಕಲ್ಲಿಗೆ ಗಾಳಿ ಹಾಕಿ ಕೊಟ್ಟೆ, ಮಾತಾಡಲಿಲ್ಲ.

ಅದೇ ಸುಮಾರಿಗೆ ಮೇಲಿನ ಆಫೀಸಿನಿಂದ ಒಬ್ಬ ಅಧಿಕಾರಿ ಕ್ಯಾಮರಾದವನನ್ನು ಕರೆದುಕೊಂಡು ಬಂದ. ನರ್ಸಮ್ಮ ಹುಡುಕಿದ ರೋಗಿಗಳನ್ನೆಲ್ಲ ಆಲದ ಮರದ ಕೆಳಗೆ ಸಾಲಾಗಿ ನಿಲ್ಲಿಸಿದರೆ ಒಂದು ಫೋಟೋ ತೆಗೆಯಬೇಕಂತೆ. ಕೆಲಸ ಆಗಿದೆ ಎಂದು ತೋರಿಸಲು. ನನ್ನ ಅಂಗಡಿ ಮುಂದೆಯೇ ಆ ಮಾತು ನಡೆಯಿತು.

"ಅವರನ್ನ ಕೇಳದೆ ಆಗಲ್ಲ ಸಾರ್" ಅಂದರು ನರ್ಸಮ್ಮ.

"ಕೇಳೋದೇನಮ್ಮ? ಪುಕ್ಕಟೆ ಮಾತ್ರೆ ತಗೊಳ್ಳೋರು. ಕರೆದ್ರೆ ಬರ್ತಾರೆ."

"ಮಾತ್ರೆ ಸರ್ಕಾರದ್ದು ಸಾರ್. ಮುಖ ಅವರದು."

ಅವನು ಹೆಸರಾದರೂ ಹೇಳು ಎಂದು ಗದರಿದ. ಅವರು ನಿಂತ ಜಾಗದಿಂದ ಅಲ್ಲಾಡಲಿಲ್ಲ. ಕೊನೆಗೆ ಅವನು ಆಲದ ಮರದ ಫೋಟೋ ಒಂದನ್ನೇ ತೆಗೆಸಿಕೊಂಡು ಹೋದ. ಕದಿರಮ್ಮ ಆಗ ಅಂಗಡಿ ಹಿಂದೆ ಹುಣಸೆಮರದ ಕೆಳಗೆ ಕೂತಿದ್ದಳು, ಪ್ರತಿ ಮಾತೂ ಕೇಳಿಸಿಕೊಂಡಿದ್ದಳು ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ನನಗೆ ಏನೂ ಗೊತ್ತಿಲ್ಲದಿದ್ದರೂ ಅವತ್ತು ನರ್ಸಮ್ಮನ ಸೈಕಲ್ಲನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಟ್ಟೆ.

ಓದು ಮುಗಿದ ಮೇಲೆ ಅವರಿಗೆ ಕೆಲಸ ಮಾಲೂರು ಕಡೆ ಹಾಕಿದರು. ಆ ಫೋಟೋದ ಮಾತಿಗೇ ಹಾಗಾಯಿತು ಎಂದು ಜನ ಅಂದರು. ಅವರು ಎಂದೂ ಅನ್ನಲಿಲ್ಲ. ಅಲ್ಲಿ ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವವರ ಕೆಮ್ಮಿನ ಬೆನ್ನು ಹತ್ತಿ ಹೊರಟರು. ಕಲ್ಲಿನ ಧೂಳು ನುಂಗಿದವರ ಮುಂದೆ ಕೂತು, ಎದೆ ಕೇಳಲು ಒಪ್ಪಿಗೆ ಬೇಡುವುದಕ್ಕೆ ಅವರಲ್ಲಿ ಯಾವ ಮಾತು ಸರಿಹೋಗುತ್ತದೆ ಎಂದು ಮೊದಲು ವಿಚಾರಿಸಿಕೊಂಡರಂತೆ. ಆದರೆ ತಿಂಗಳಿಗೊಂದು ಭಾನುವಾರ ಮಾಲೂರಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ತಾಯಲೂರು ಎಂದು ಬಸ್ಸು ಬದಲಾಯಿಸಿ ಬರುವುದನ್ನು ತಪ್ಪಿಸಲಿಲ್ಲ. ಸೈಕಲ್ ನನ್ನ ಅಂಗಡಿಯಲ್ಲೇ ಇತ್ತು. ಬಂದವರೇ ಕ್ಲಿಪ್ಪು ಹಾಕಿಕೊಂಡು ಹೊರಡುವರು.

ಎಂಬತ್ತನಾಲ್ಕರ ಮಾವಿನ ಕಾಲ. ಯಲ್ದೂರಿನ ಹಣ್ಣು ಒಂದು ಬುಟ್ಟಿ ಹಿಡಿದು ಬಂದ ನರ್ಸಮ್ಮ ಕದಿರಮ್ಮನ ಕೈ ನೋಡಿ, "ಇನ್ನು ಮಾತ್ರೆ ಸಾಕು" ಅಂದರು. ಮಚ್ಚೆ ಮಾಸಿತ್ತು. ಕಿರುಬೆರಳು ಒಂದಿಷ್ಟು ಬಾಗಿ ಉಳಿಯಿತು, ಅದರ ತುದಿಗೆ ತಿಳಿವಳಿಕೆ ಬರಲಿಲ್ಲ. ಮಿಕ್ಕ ಕೈ ಕೈಯಾಗಿಯೇ ಉಳಿಯಿತು. ಆಮೇಲೆ ನರ್ಸಮ್ಮ ಹೇಳಿದರು: "ಒಂದು ಬಾಕಿ ಇದೆ ಕದಿರಮ್ಮ. ಒಂದೇ ಮನೇಲಿ ಇರೋರನ್ನ ನೋಡ್ಬೇಕು. ನಿನ್ನ ಕೂಸು, ನಿನ್ನ ಗಂಡ ಇಬ್ಬರನ್ನೂ ಕೇರಿಯವರ ಜೊತೆಗೇ ಕೇಳಿ ನೋಡಿದೀನಿ. ನಿಮ್ಮತ್ತೆ ಇವತ್ತಿಗೂ ಕೈ ಕೊಟ್ಟಿಲ್ಲ. ಯಾಕೆ ಅಂತ ಹೇಳದೆ ಅವರನ್ನ ಕೇಳೋಕಾಗಲ್ಲ. ಹೇಳ್ಬೇಕಾದೋಳು ನೀನು. ಹೇಳದಿದ್ರೂ ನನಗೆ ಬೇಜಾರಿಲ್ಲ."

ಕದಿರಮ್ಮ ಎದ್ದು ಅಂಗಡಿಯ ಮುಂದಕ್ಕೆ ಬಂದು, ಟೈರು ಬಿಚ್ಚುತ್ತಿದ್ದ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎಲ್ಲವನ್ನೂ ಹೇಳಿದಳು. ನನ್ನ ಮುಖದ ಮೇಲೆ ಏನೇನು ಕಂಡಿತೋ, ತಾನೇ ನನ್ನ ಬೆನ್ನು ಸವರಿದಳು. "ನಂಗೇನಾದ್ರೂ ಆಗ್ಲಿ ಅಣ್ಣ. ಆ ಮುದುಕಿಗೂ ಬಂದಿದ್ರೆ? ಅವಳ ಕೈ ಬಿದ್ದೋದ್ರೆ ಯಾರು ನೋಡ್ಕೊಳ್ತಾರೆ? ನಡಿ, ಹೋಗಿ ಹೇಳ್ಬಿಡೋಣ. ತೂಬಿಗೆ ಹಾಕಿದ್ರೆ ನೀನಿದೀಯ."

ಮೂವರೂ ಏರಿ ಮೇಲೆ ನಡೆದೆವು. ನಾನು ಹಿಂದೆ ಹಿಂದೆ ಉಳಿಯುತ್ತಿದ್ದೆ. ಕದಿರಮ್ಮ ಮುಂದೆ ಮುಂದೆ ಹೋಗುತ್ತಿದ್ದಳು.

ಮುನಿಯಲ್ಲಮ್ಮ ಒಲೆ ಮುಂದೆ ಇದ್ದಳು. ಮುನಿಕೃಷ್ಣಪ್ಪ ಜಗುಲಿಯ ಮೇಲೆ ಮಗಳಿಗೆ ಹಣ್ಣು ಸೀಳಿ ಕೊಡುತ್ತಿದ್ದ. ಕದಿರಮ್ಮ ಹೊಸಿಲ ಮೇಲೆ ನಿಂತು, ಸೆರಗು ಸರಿಸಿ, ಎಡಗೈಯನ್ನು ಮುಂದೆ ಚಾಚಿದಳು. "ಅತ್ತೆ, ಈ ಕೈ ನೋಡು. ಇದರಲ್ಲಿ ದೊಡ್ಡ ರೋಗ ಇತ್ತು. ಮಾತ್ರೆ ನುಂಗಿದೀನಿ, ವಾಸಿಯಾಗದೆ. ನಿಮಗೆ ಹೇಳ್ದೆ ಮುಚ್ಚಿಟ್ಟೆ."

ಮುನಿಯಲ್ಲಮ್ಮ ಒಲೆಯಿಂದ ತಲೆ ಎತ್ತಲಿಲ್ಲ. "ಗೊತ್ತು" ಅಂದಳು.

"ಏನು ಗೊತ್ತು?"

"ಆ ಬೇಸಗೇಲಿ ಒಲೆ ಮೇಲಿಂದ ಮುದ್ದೆ ಪಾತ್ರೆ ಬರಿಗೈಲಿ ಇಳಿಸಿದೆ ನೀನು. ಚರ್ಮ ಚುರ್ ಅಂತು, ನಂಗೆ ಕೇಳಿಸ್ತು. ನೀನು ಕೂಸಿಗೆ ಹಾಡು ಹೇಳ್ತಾನೇ ಇದ್ದೆ." ಸೌಟನ್ನು ಕೆಳಗಿಟ್ಟಳು. "ಅವತ್ತಿಂದ ಒಲೆ ತಾವ ಸೇರಿಸ್ಲಿಲ್ಲ. ಮುದ್ದೆ ಗಂಟು ಅಂದೆ. ಏನಾದ್ರೂ ಅನ್ನಬೇಕಲ್ಲ."

ಕದಿರಮ್ಮ ಹೊಸಿಲ ಮೇಲೆಯೇ ಕೂತಳು.

"ನಂಗ್ಯಾಕವ್ವ ಹೇಳ್ಲಿಲ್ಲ?" ಮುನಿಕೃಷ್ಣಪ್ಪ ಹಣ್ಣು ಹಿಡಿದವನು ಹಾಗೇ ನಿಂತಿದ್ದ.

"ನಿಂಗೆ ಹೇಳಿದ್ರೆ ಹೆಂಡದಂಗಡೀಲಿ ಡಂಗುರ ಹೊಡೆದಂಗೆ. ಸುಮ್ನೆ ಹಣ್ಣು ತಿನ್ನು."

ನಾನು ಕೇಳಿದೆ: "ಹಂಗಾದ್ರೆ ಅತ್ತೆ, ಅವತ್ತು ನರ್ಸಮ್ಮನ ಮೇಲೆ ಯಾಕೆ ಹಂಗೆ ಎಗರಾಡಿದೆ?"

"ಮತ್ತೇನು? ಅಷ್ಟು ಜನ ಇದ್ರು. ಅವರನ್ನೆಲ್ಲ ಬಿಟ್ಟು ನೆಟ್ಟಗೆ ಇವಳ ಕೈ ಮುಟ್ಲಾ ಅಂದ್ರೆ? ನನ್ನ ಎದೆ ಒಡೆದೋಯ್ತು. ಜಾತಿ ಎತ್ತಿ ಬೈದ್ರೆ ಓಡಿ ಹೋಗ್ತಾರೆ ಅಂದ್ಕೊಂಡೆ."

"ಜಾತಿಗೆ ಬೈದಿದ್ದಲ್ಲವಾ ಹಾಗಾದ್ರೆ?" ನರ್ಸಮ್ಮ ಮೆತ್ತಗೆ ಕೇಳಿದರು.

ಮುನಿಯಲ್ಲಮ್ಮ ಅವರನ್ನು ದಿಟ್ಟಿಸಿ ನೋಡಿದಳು. "ಅದಕ್ಕೂ ಬೈದೆ. ಸುಳ್ಯಾಕೆ ಹೇಳ್ಲಿ, ಎರಡೂ ಇತ್ತು."

ನರ್ಸಮ್ಮ ಒಲೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಚೀಲದಿಂದ ಹತ್ತಿ ತೆಗೆದರು. ಅಂಗೈಯನ್ನು ಮೇಲೆ ಮಾಡಿ ಚಾಚಿದರು.

"ಕೈ ಕೊಡಮ್ಮ."

"ನಂಗ್ಯಾಕೆ? ನಂದು ಬಳೆ ತೊಡೋ ಕೈಯಲ್ಲ ಅಂತ ಆಗಲೇ ಅಂದಿದೀನಿ."

"ಬಳೆಗಲ್ಲ ಅಮ್ಮ. ಕೈಗೆ ಕೇಳ್ತಿದೀನಿ."

ಮುನಿಯಲ್ಲಮ್ಮನ ಗಂಡ ಸತ್ತಾಗ ಮುನಿಕೃಷ್ಣಪ್ಪ ತೊಟ್ಟಿಲಲ್ಲಿದ್ದ. ಅವತ್ತು ಬಳೆ ಒಡೆದ ಮೇಲೆ ಬೂಬಮ್ಮ ಕೂಡ ಅವಳ ಕೈ ಹಿಡಿದಿರಲಿಲ್ಲ. ಅವಳು ಮೊದಲು ಮುಂಗೈಯನ್ನು ಸೆರಗಿಗೆ ಉಜ್ಜಿಕೊಂಡಳು. ಮತ್ತೆ ಉಜ್ಜಿಕೊಂಡಳು. ಬೂದಿ ಹತ್ತಿದ, ಕುಡುಗೋಲು ಹಿಡಿದು ಗಡಸಾದ ಆ ಬೋಳು ಕೈಯನ್ನು ನರ್ಸಮ್ಮನ ಅಂಗೈ ಮೇಲೆ ಇಟ್ಟು, ಯಾರೂ ಹೇಳದೆಯೇ ಕಣ್ಣು ಮುಚ್ಚಿದಳು.

ಹತ್ತಿ ಎಳೆ ಬೆರಳ ತುದಿಗೆ ತಗುಲಿತು. "ಇಲ್ಲಿ" ಅಂದಳು. ಮುಂಗೈಗೆ ತಗುಲಿತು. "ಇಲ್ಲಿ." ಮೊಣಕೈಗೆ ತಗುಲಿದಾಗ, "ಏಯ್, ಕಚಗುಳಿ ಆಯ್ತದೆ" ಅಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಮೊಮ್ಮಗಳೂ ನಕ್ಕಳು.

"ಚೆನ್ನಾಗಿದೆ ಅಮ್ಮ. ಏನೂ ಇಲ್ಲ" ಅಂದರು ನರ್ಸಮ್ಮ.

"ನೋಡಿ ಆಯ್ತಾ?"

"ಆಯ್ತು."

ಮುನಿಯಲ್ಲಮ್ಮ ಕಣ್ಣು ತೆರೆಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ. "ಇನ್ನೊಂದ್ಸಲ ನೋಡು ತಲ್ಲಿ" ಅಂದಳು.